ತಗಡಿನ ಸಾಲಿನ ನಲವತ್ತು ಪೆಟ್ಟಿಗೆಗಳು

ಎರಡನೆಯ ಸಲ ಶಾಸಕಿಯಾಗಿ ಗೆದ್ದ ಮೇಲೂ ಕ್ಷೇತ್ರದ ಜನ ಅವಳನ್ನು ಸಿಸ್ಟರಮ್ಮ ಎಂದೇ ಕರೆಯುತ್ತಿದ್ದರು. ಇಪ್ಪತ್ತೆರಡು ವರ್ಷ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವಳು. ಅರ್ಧ ಊರಿಗೆ ಅವಳೇ ಸೂಜಿ ಚುಚ್ಚಿದ್ದಳು, ಉಳಿದರ್ಧ ಊರನ್ನು ಬೈದು ಔಷಧ ಕುಡಿಸಿದ್ದಳು. ಪ್ರತಿ ಬೇಸಿಗೆಯಲ್ಲೂ ಮಧ್ಯಾಹ್ನದ ಪಾಳಿಗೆ ಒಂದೇ ಥರದ ರೋಗಿಗಳು ಬರುತ್ತಿದ್ದರು. ಬೆವರು ನಿಂತುಹೋದ ಮೈ, ಒಣಗಿದ ನಾಲಿಗೆ, ತೊದಲುವ ಮಾತು. ವಿಳಾಸ ಕೇಳಿದರೆ ಹತ್ತರಲ್ಲಿ ಆರು ಮಂದಿ ಹೇಳುತ್ತಿದ್ದುದು ಎರಕದ ಕಾರ್ಖಾನೆಯ ಹಿಂದಿನ ತಗಡಿನ ಸಾಲು. ಅವಳು ಹುಟ್ಟಿ ಬೆಳೆದದ್ದೂ ಅಲ್ಲೇ. ಅವಳ ಅಕ್ಕ ಇನ್ನೂ ಅದೇ ಮನೆಯಲ್ಲಿ, ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು, ಕಾರ್ಖಾನೆಯವರ ಅಂಗಿಗಳಿಗೆ ತೇಪೆ ಹಾಕುತ್ತ, ಗುಂಡಿ ಹೊಲಿಯುತ್ತ ಇದ್ದಳು.

ಸಿಸ್ಟರಮ್ಮ ತಂದ ಮಸೂದೆಗೆ ಕಾಗದದ ಮೇಲೆ ಉದ್ದನೆಯ ಹೆಸರಿತ್ತು. ಹವಾಮಾನ, ಬದಲಾವಣೆ, ಹೊಂದಾಣಿಕೆ, ಉಪಕ್ರಮ ಎಲ್ಲ ಅದರಲ್ಲಿ ಬರುತ್ತಿದ್ದವು. ಜನ ಅದನ್ನು ಬಿಸಿಲ ಮಸೂದೆ ಎಂದರು. ಅದು ಕೇಳುತ್ತಿದ್ದುದು ಎರಡೇ. ತಗಡಿನ ಮನೆಗಳಿಗೆಲ್ಲ ಸರ್ಕಾರವೇ ಶಾಖ ತಡೆಯುವ ಹೊದಿಕೆ ಹಾಕಿಸಬೇಕು. ಬಿಸಿ ಮಿತಿ ಮೀರಿದ ದಿನ ಮಧ್ಯಾಹ್ನ ಮೂರು ತಾಸು ಹೊರಗೆಲಸ, ಕುಲುಮೆ ಕೆಲಸ ನಿಲ್ಲಬೇಕು. ಕಾರ್ಖಾನೆಯವರ ಸಂಘ ಹಲ್ಲು ಕಡಿಯಿತು. ಸದನ ಸಮಿತಿಯಲ್ಲಿ ಅವರ ಪರವಾಗಿ ಒಬ್ಬರು ಎದ್ದು ಕೇಳಿಯೇ ಕೇಳಿದರು: "ಹವಾಮಾನ ಕಚೇರಿ ಮೂವತ್ತಾರು ಡಿಗ್ರಿ ಅಂತಿದೆ. ನೀವು ನಲವತ್ತಮೂರು ಅಂತೀರಿ. ನಿಮ್ಮ ಮಾತು ನಂಬೋಕೆ ಪುರಾವೆ ಎಲ್ಲಿದೆ?"

ಹವಾಮಾನ ಕಚೇರಿಯ ಮಾಪಕ ಇದ್ದದ್ದು ಉದ್ಯಾನದ ಹುಲ್ಲುಹಾಸಿನ ನಡುವೆ. ತಗಡಿನ ಕೆಳಗೆ ಮಲಗುವವರ ಬಿಸಿ ಅದಕ್ಕೆ ಹೇಗೆ ತಿಳಿಯಬೇಕು? ಸಿಸ್ಟರಮ್ಮ ಕಾಲೇಜಿನ ಭೌತಶಾಸ್ತ್ರದ ಉಪನ್ಯಾಸಕಿಯನ್ನು ಹಿಡಿದಳು. ಅವರು ಸಾಬೂನಿನ ಗಾತ್ರದ ನಲವತ್ತು ಬಿಳಿ ಪೆಟ್ಟಿಗೆ ತರಿಸಿದರು. ಕಾಲು ಗಂಟೆಗೊಮ್ಮೆ ಕೋಣೆಯ ಬಿಸಿಯನ್ನು ತಾವೇ ಬರೆದುಕೊಳ್ಳುವ ಪೆಟ್ಟಿಗೆಗಳು. ತಗಡಿನ ಸಾಲಿನ ನಲವತ್ತು ಮನೆಗಳ ಗೋಡೆಗೆ ಮೊಳೆ ಹೊಡೆದು ಅವನ್ನು ತೂಗುಹಾಕಿದರು. ಯಾವ ಮನೆಯಲ್ಲಿ ಯಾವ ಸಂಖ್ಯೆಯದು ಎಂಬ ಪಟ್ಟಿ ಮೂವರ ಬಳಿ ಮಾತ್ರ ಇತ್ತು: ಸಿಸ್ಟರಮ್ಮ, ಉಪನ್ಯಾಸಕಿ, ಮತ್ತು ಸಿಸ್ಟರಮ್ಮನ ಆಪ್ತ ಸಹಾಯಕರು. ಕಂಕುಳಲ್ಲಿ ಸದಾ ಒಂದು ದಪ್ಪ ಡೈರಿ ಇರುತ್ತಿದ್ದುದರಿಂದ ಕಚೇರಿಯಲ್ಲಿ ಎಲ್ಲರೂ ಅವರನ್ನು ಡೈರಿಯವರು ಎನ್ನುತ್ತಿದ್ದರು.

ಮೂರನೆಯ ವಾರ ಉಪನ್ಯಾಸಕಿ ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದರು. ಮುಖದಲ್ಲಿ ಕಳೆಯೇ ಇರಲಿಲ್ಲ.

"ಮೇಡಂ, ಮೊದಲ ಎಂಟು ದಿನ ನೀವು ಹೇಳಿದ ಹಾಗೇ ಇದೆ. ನಲವತ್ತೆರಡು, ನಲವತ್ತಮೂರು. ಒಂಬತ್ತನೇ ದಿನದಿಂದ ನೋಡಿ."

ಸಿಸ್ಟರಮ್ಮ ಕನ್ನಡಕ ಸರಿಮಾಡಿಕೊಂಡು ನೋಡಿದಳು. ಪರದೆಯ ಮೇಲಿನ ಗೆರೆಗಳು ಒಂದರ ಹಿಂದೊಂದು ಕೆಳಗೆ ಬಿದ್ದಿದ್ದವು. ಮೂವತ್ತೊಂದು. ಇಪ್ಪತ್ತೊಂಬತ್ತು. ಒಂದು ಮನೆಯಲ್ಲಂತೂ ನಡುಮಧ್ಯಾಹ್ನ ಇಪ್ಪತ್ತಾರು.

"ಕೆಟ್ಟಿರಬೇಕು," ಎಂದಳು.

"ಒಂದು ಕೆಡಬಹುದು, ಎರಡು ಕೆಡಬಹುದು. ನಲವತ್ತೂ ಎರಡೇ ದಿನದಲ್ಲಿ ಕೆಡೋಕೆ ಇದೇನು ಸಾಂಕ್ರಾಮಿಕ ರೋಗವಾ? ಯಾರೋ ಮನೆಮನೆಗೆ ಹೋಗಿ ಕೈಯಾಡಿಸಿದಾರೆ."

ಸಮಿತಿಯ ಮುಂದೆ ಲೆಕ್ಕ ಇಡಬೇಕಾದ ದಿನಕ್ಕೆ ಇನ್ನು ಹನ್ನೆರಡೇ ದಿನ ಇತ್ತು. ಈ ಅಂಕಿಗಳನ್ನು ಇಟ್ಟರೆ ತಗಡಿನ ಮನೆ ಉದ್ಯಾನಕ್ಕಿಂತ ತಂಪು ಎಂದು ಸಾಬೀತಾಗುತ್ತಿತ್ತು. ಉಪನ್ಯಾಸಕಿ ಹೋದ ಮೇಲೆ ಸಿಸ್ಟರಮ್ಮ ಬಾಗಿಲು ಮುಚ್ಚಿಕೊಂಡು ಕೂತಳು. ಪಟ್ಟಿ ಇದ್ದದ್ದು ಮೂವರ ಬಳಿ. ತಾನಲ್ಲ. ಉಪನ್ಯಾಸಕಿಯಾಗಿದ್ದರೆ ತಾನಾಗಿ ಬಂದು ತೋರಿಸುತ್ತಿರಲಿಲ್ಲ. ಉಳಿದವರು ಒಬ್ಬರೇ.

ಸಂಶಯ ಬಂದ ಮೇಲೆ ಕಂಡದ್ದೆಲ್ಲ ಅದಕ್ಕೆ ಸಾಕ್ಷಿಯೇ ಆಯಿತು. ಡೈರಿಯವರು ಈಚೆಗೆ ಫೋನು ಬಂದರೆ ಜಗುಲಿಗೆ ಎದ್ದು ಹೋಗುತ್ತಿದ್ದರು. ಅವಳು ಒಳಗೆ ಬಂದರೆ ಡೈರಿಯ ಪುಟ ಮಗುಚುತ್ತಿದ್ದರು. ಹಿಂದಿನ ವಾರ ಬಸ್ ನಿಲ್ದಾಣದ ಪಕ್ಕದ ಹೋಟೆಲಿನಲ್ಲಿ ಎರಕದ ಕಾರ್ಖಾನೆಯ ಮ್ಯಾನೇಜರ್ ಜೊತೆ ಒಂದೇ ಮೇಜಿನಲ್ಲಿ ಕೂತಿದ್ದರೆಂದು ಡ್ರೈವರ್ ಹೇಳಿದ್ದ. ಆಗ ಅವಳು ಅದನ್ನು ಕಿವಿಗೆ ಹಾಕಿಕೊಂಡಿರಲಿಲ್ಲ. ಈಗ ಅದೇ ಮಾತು ಕಿವಿಯಲ್ಲಿ ಗುಂಯ್‌ಗುಟ್ಟತೊಡಗಿತು. ಹನ್ನೊಂದು ವರ್ಷ ಜೊತೆಗಿದ್ದ ಮನುಷ್ಯ!

ಅವಳು ಒಂದು ಬಲೆ ಒಡ್ಡಿದಳು. ಬುಧವಾರ ಸಂಜೆ, ಬೇರೆ ಯಾರೂ ಇಲ್ಲದಾಗ, "ನಾಳೆ ಹನ್ನೊಂದಕ್ಕೆ ತಗಡಿನ ಸಾಲಿಗೆ ಹೋಗೋಣ. ಯಾರಿಗೂ ಹೇಳೋದು ಬೇಡ," ಎಂದಳು. ಡೈರಿಯವರು ತಲೆಯಾಡಿಸಿ ಬರೆದುಕೊಂಡರು.

ಗುರುವಾರ ಹೋದಾಗ ಪೆಟ್ಟಿಗೆಗಳೆಲ್ಲ ಗೋಡೆಯ ಮೇಲೆ ಅಚ್ಚುಕಟ್ಟಾಗಿ ತೂಗುತ್ತಿದ್ದವು. ಮನೆಯವರೆಲ್ಲ ಬಾಗಿಲಲ್ಲೇ ನಿಂತಿದ್ದರು, ಎಲ್ಲರ ಮುಖದಲ್ಲೂ ಒಂದೇ ಅಚ್ಚಿನ ನಗು. ಸಿಸ್ಟರಮ್ಮ ಮೊದಲ ಮನೆಯಲ್ಲಿ ಜ್ವರ ನೋಡುವ ಹಾಗೆ ಕೈಯ ಹಿಂಬದಿಯನ್ನು ಗೋಡೆಗೆ ಇಟ್ಟಳು, ಚುರ್ ಎಂದಿತು. ಪೆಟ್ಟಿಗೆಗೆ ಇಟ್ಟಳು, ತಣ್ಣಗಿತ್ತು. ಪೆಟ್ಟಿಗೆಯ ಬೆನ್ನಿನಲ್ಲಿ ಇನ್ನೂ ಪಸೆ ಇತ್ತು. ಎರಡನೆಯ ಮನೆ, ಮೂರನೆಯ ಮನೆ, ಎಲ್ಲ ಕಡೆಯೂ ಅದೇ. ಅಕ್ಕನ ಮನೆಗೆ ಬಂದರೆ ಚಹಾ ಕುದಿಯುತ್ತಿತ್ತು. ಮೂರು ಲೋಟ ತೊಳೆದು ಬೋರಲು ಹಾಕಿದ್ದಳು. ಬಂದವರು ಸರಿಯಾಗಿ ಮೂರು ಜನ: ಸಿಸ್ಟರಮ್ಮ, ಡೈರಿಯವರು, ಡ್ರೈವರ್.

"ನಾವು ಬರೋದು ನಿನಗೆ ಯಾರು ಹೇಳಿದ್ದು?"

"ಯಾರಾದ್ರೂ ಹೇಳ್ಬೇಕೇನೇ? ನಿನ್ನ ಕಾರಿನ ಸದ್ದು ಸೇತುವೆ ಹತ್ರಾನೇ ಕೇಳ್ಸುತ್ತೆ," ಎಂದಳು ಅಕ್ಕ, ಒಲೆಯ ಕಡೆಯಿಂದ ತಿರುಗದೆ.

ಕಚೇರಿಗೆ ವಾಪಸಾದ ಕೂಡಲೇ ಸಿಸ್ಟರಮ್ಮ ಡೈರಿಯವರನ್ನು ಒಳಗೆ ಕರೆದಳು. "ನಿಮ್ಮೊಬ್ಬರಿಗೇ ಹೇಳಿದ್ದು. ಇಡೀ ಸಾಲಿಗೆ ಗೊತ್ತಾಗಿದೆ. ಕಾರ್ಖಾನೆಯವರು ಏನು ಕೊಡ್ತೀನಿ ಅಂದಿದಾರೆ ನಿಮಗೆ?"

ಅವರು ಜೇಬಿನಿಂದ ಕಚೇರಿಯ ಬೀಗದ ಕೈ ತೆಗೆದು ಮೇಜಿನ ಮೇಲಿಟ್ಟರು.

"ನಿಮ್ಮ ಅಕ್ಕನಿಗೆ ಹೇಳಿದ್ದು ನಿಜ. ನೀವು ಆ ಕಡೆ ಹೋಗೋ ದಿನ ಯಾವಾಗಲೂ ಹೇಳ್ತೀನಿ. ನೀವು ಬೆಳಿಗ್ಗೆಯಿಂದ ಏನೂ ತಿಂದಿರಲ್ಲ, ಅಲ್ಲಾದ್ರೂ ಒಂದು ಲೋಟ ಏನಾದ್ರೂ ಸಿಗಲಿ ಅಂತ. ಇದೇ ತಪ್ಪಾದ್ರೆ ತಪ್ಪೇ." ಬಾಗಿಲವರೆಗೆ ಹೋಗಿ ತಿರುಗಿದರು. "ಆ ಮ್ಯಾನೇಜರ್ ಮಗನಿಗೂ ನನ್ನ ಮಗಳಿಗೂ ಸಂಬಂಧದ ಮಾತು ನಡೀತಿದೆ. ನಿಮಗೆ ಬೇಜಾರಾಗುತ್ತೇನೋ ಅಂತ ಮುಚ್ಚಿಟ್ಟಿದ್ದೆ. ಅದೊಂದು ಬಿಟ್ಟರೆ ನನ್ನ ಹೊಟ್ಟೇಲಿ ಬೇರೇನಿಲ್ಲ."

ಅವಳು ಆ ಮಾತನ್ನೂ ಅರ್ಧವೇ ನಂಬಿದಳು. ಸಿಕ್ಕಿಬಿದ್ದವರೆಲ್ಲ ಕಥೆ ಕಟ್ಟುವುದನ್ನು ಅವಳು ನೋಡಿದ್ದಳು. ಆದರೆ ಉಳಿದ ಅರ್ಧ ಅವಳನ್ನು ಕೂರಲು ಬಿಡಲಿಲ್ಲ. ಡೈರಿಯವರು ಹೇಳಿದ್ದು ಅಕ್ಕನೊಬ್ಬಳಿಗೇ ಆದರೆ, ಉಳಿದ ಮೂವತ್ತೊಂಬತ್ತು ಮನೆಗೆ ಹೇಳಿದವರು ಯಾರು?

ಮರುದಿನ ಎರಡು ಗಂಟೆಯ ಸುಮಾರಿಗೆ ಅವಳು ಕಾರು ಬಿಟ್ಟು ನಡೆದೇ ಹೋದಳು. ಮುಂದಿನ ರಸ್ತೆಯಿಂದಲ್ಲ, ಕಾರ್ಖಾನೆಯ ಗೋಡೆಗೆ ಅಂಟಿಕೊಂಡ ಹಿಂದಿನ ಓಣಿಯಿಂದ. ಚಿಕ್ಕಂದಿನಲ್ಲಿ ಶಾಲೆ ತಪ್ಪಿಸಿ ಬರುತ್ತಿದ್ದ ದಾರಿ ಅದು. ತಗಡುಗಳು ಬಿಸಿಗೆ ಟಕ್ ಟಕ್ ಎನ್ನುತ್ತಿದ್ದವು. ಅಕ್ಕನ ಹಿಂಬಾಗಿಲು ತೆರೆದೇ ಇತ್ತು. ಅಕ್ಕ ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು, ಕುತ್ತಿಗೆಗೆ ಒದ್ದೆ ಬಟ್ಟೆ ಸುತ್ತಿಕೊಂಡು. ಗೋಡೆಯ ಮೇಲೆ ಮೊಳೆ ಮಾತ್ರ ಇತ್ತು.

"ಪೆಟ್ಟಿಗೆ ಎಲ್ಲಕ್ಕಾ?"

ಅಕ್ಕ ಬೆಚ್ಚಲಿಲ್ಲ. ಹೊಲಿಗೆ ಮುಗಿಸಿ, ಹಲ್ಲಿನಿಂದ ದಾರ ಕಡಿದು, "ಮಲಗಿದೆ," ಎಂದಳು.

ಮಂಚದ ಕೆಳಗೆ ನೀರಿನ ಮಡಕೆ, ಅದರ ಪಕ್ಕ ಒಂದು ಡಬ್ಬ, ಡಬ್ಬದೊಳಗೆ ಒದ್ದೆ ಬಟ್ಟೆ, ಬಟ್ಟೆಯೊಳಗೆ ಪೆಟ್ಟಿಗೆ. ಸಿಸ್ಟರಮ್ಮ ನೆಲದ ಮೇಲೇ ಕೂತುಬಿಟ್ಟಳು.

"ನಲವತ್ತು ಮನೆಗೂ ನಾನೇ ಹೇಳಿದ್ದು," ಎಂದಳು ಅಕ್ಕ. "ಬೇರೆ ಯಾರನ್ನೂ ಬೈಬೇಡ."

"ನಿನಗೇನು ತಲೆ ಕೆಟ್ಟಿದೆಯಾ? ನಿಮಗೋಸ್ಕರ ತಾನೇ ನಾನು ಇಷ್ಟೆಲ್ಲ ಒದ್ದಾಡ್ತಿರೋದು!"

"ಹೌದಾ?" ಅಕ್ಕ ಕನ್ನಡಕ ತೆಗೆದು ತಂಗಿಯನ್ನು ನೆಟ್ಟಗೆ ನೋಡಿದಳು. "ಪೆಟ್ಟಿಗೆ ಹಾಕಿ ಒಂದು ವಾರ ಆಗಿತ್ತು. ಇಬ್ಬರು ಟೇಪ್ ಹಿಡ್ಕೊಂಡು ಬಂದ್ರು. ಈ ಕಡೆ ರಸ್ತೆಯಿಂದ ಆ ಕಡೆ ಕಾರ್ಖಾನೆ ಗೋಡೆವರೆಗೆ ಅಳೆದ್ರು. ಯಾರು ನೀವು ಅಂದ್ರೆ, ಸುಮ್ನೆ ಅಂದ್ರು. ಸುಮ್ನೆ ಯಾರಾದ್ರೂ ಬಿಸಿಲಲ್ಲಿ ಅಳೀತಾರಾ? ಅದರಲ್ಲಿ ಒಬ್ಬ ಕೋಟಿನ ಗುಂಡಿ ಕಿತ್ತೋಗಿದೆ ಅಂತ ಇಲ್ಲೇ ಬಂದ. ನಾನು ಗುಂಡಿ ಹಾಕ್ತಿದ್ದೆ, ಅವನು ಬಾಗಿಲಲ್ಲಿ ನಿಂತು ಫೋನಲ್ಲಿ ಮಾತಾಡ್ತಿದ್ದ. ಹೊಲಿಯೋ ಮುದುಕಿಗೆ ಕಿವಿ ಇರಲ್ಲ ಅಂದ್ಕೊಂಡಿದ್ದ. 'ಪೆಟ್ಟಿಗೆ ವರದಿ ಒಂದು ಬರಲಿ ಸರ್, ಆಮೇಲೆ ಕಾನೂನೇ ಖಾಲಿ ಮಾಡ್ಸುತ್ತೆ, ನಾವು ಕೈ ಕೆಸರು ಮಾಡ್ಕೋಬೇಕಿಲ್ಲ' ಅಂದ."

"ನನಗೆ ಒಂದು ಮಾತು ಹೇಳಬಹುದಿತ್ತಲ್ಲಾ ಅಕ್ಕಾ."

"ಹೇಳಬಹುದಿತ್ತು." ಅಕ್ಕ ಸೂಜಿಗೆ ದಾರ ಪೋಣಿಸಲು ನೋಡಿದಳು, ಆಗಲಿಲ್ಲ. "ನೀನೂ ಅದರಲ್ಲಿ ಇದ್ದಿದ್ರೆ?"

ಸಿಸ್ಟರಮ್ಮ ಡಬ್ಬದ ಮುಚ್ಚಳ ಮುಚ್ಚಿದಳು. ಎರಡು ಚುನಾವಣೆಯಲ್ಲಿ ಎದುರಾಳಿಗಳು ಅವಳ ಬಗ್ಗೆ ಆಡಬಾರದ್ದೆಲ್ಲ ಆಡಿದ್ದರು. ಯಾವುದೂ ಹೀಗೆ ತಾಕಿರಲಿಲ್ಲ. ಎದ್ದು, ಬಂದ ದಾರಿಯಲ್ಲೇ ಹೊರಟಳು.

ಕಚೇರಿಗೆ ಬಂದು ಮಸೂದೆಯ ಕರಡು ತೆಗೆದಳು. ಮೂವತ್ತೊಂದು ಪುಟ. ಅಕ್ಕನ ಸಂಶಯ ಸುಳ್ಳೆಂದು ಅಕ್ಕನ ಮುಖಕ್ಕೆ ಹಿಡಿಯಬೇಕೆಂಬ ಹಟದಿಂದಲೇ ಓದಲು ಕೂತಳು. ಹದಿನೇಳನೆಯ ಪುಟಕ್ಕೆ ಬಂದಾಗ ಬೆರಳು ನಿಂತಿತು. ಕಲಂ ಹದಿನಾಲ್ಕು, ಉಪಕಲಂ ಮೂರು: ವಾಸದ ಕೋಣೆಯ ಉಷ್ಣಾಂಶವು ಒಂದೇ ಬೇಸಿಗೆಯಲ್ಲಿ ಮೂವತ್ತು ದಿನ ಮಿತಿಯನ್ನು ಮೀರಿದಲ್ಲಿ, ಸಕ್ಷಮ ಪ್ರಾಧಿಕಾರವು ಸದರಿ ಕಟ್ಟಡವನ್ನು ಮಾನವ ವಾಸಕ್ಕೆ ಅಯೋಗ್ಯವೆಂದು ಘೋಷಿಸಿ ಸೂಕ್ತ ಕ್ರಮ ಕೈಗೊಳ್ಳಬಹುದು.

ಸಾಲಿನ ಪಕ್ಕದಲ್ಲಿ ಪೆನ್ಸಿಲಿನಲ್ಲಿ ಒಂದು ಸರಿ ಗುರುತು. ಅವಳದೇ ಗುರುತು.

ಓದಿದ್ದು ನೆನಪಾಯಿತು. ಸೂಕ್ತ ಕ್ರಮ ಎಂದರೆ ಮನೆಗೆ ಹೊದಿಕೆ ಹಾಕಿಸುವುದೆಂದು ಅವಳು ತಿಳಿದಿದ್ದಳು. ಬೇರೆ ಏನಿರಲು ಸಾಧ್ಯ ಎಂದು ಆಗ ತೋಚಿಯೇ ಇರಲಿಲ್ಲ. ಈಗ ನೋಡಿದರೆ ಇಡೀ ತಗಡಿನ ಸಾಲನ್ನು ಖಾಲಿ ಮಾಡಿಸುವುದಕ್ಕೂ ಆ ಎರಡು ಪದ ಸಾಕಾಗಿತ್ತು.

ಸೋಮವಾರ ಬೆಳಿಗ್ಗೆ ಮಸೂದೆಯ ಕರಡು ಬರೆದುಕೊಟ್ಟ ಇಲಾಖೆಯ ಕಾರ್ಯದರ್ಶಿಯ ಕೋಣೆಗೆ ಹೋದಳು. ನುಣ್ಣನೆಯ ಮಾತಿನ, ಯಾವುದಕ್ಕೂ ಅವಸರವಿಲ್ಲದ ಮನುಷ್ಯ. ಕೋಣೆ ಎಸಿಯಲ್ಲಿ ಕೊರೆಯುತ್ತಿತ್ತು.

"ಈ ಮೂರನೇ ಉಪಕಲಂ ಹಾಕಿದ್ದು ಯಾರು?"

"ಇದು ಎಲ್ಲ ಕಾನೂನಲ್ಲೂ ಇರೋ ವಾಕ್ಯ, ಮೇಡಂ. ನೀವೇ ಒಪ್ಪಿಗೆ ಕೊಟ್ಟಿದ್ದೀರಲ್ಲ."

"ಹಾಕಿ ಅಂತ ಯಾರು ಕೇಳಿದ್ರು?"

"ಯಾರೂ ಕೇಳ್ಬೇಕಾಗಿಲ್ಲ. ರೂಢಿ."

"ತಗಡಿನ ಸಾಲನ್ನ ಅಳೆಯೋಕೆ ನಿಮ್ಮ ಇಲಾಖೆಯಿಂದ ಯಾರಾದ್ರೂ ಹೋಗಿದ್ರಾ?"

"ನಮ್ಮಲ್ಲಿ ಅಳೆಯೋರೇ ಇಲ್ವಲ್ಲ." ಅವರು ನಕ್ಕರು. ಚಹಾ ಕಪ್ಪನ್ನು ಅವಳ ಕಡೆ ಸರಿಸಿದರು. ಅವಳು ಮುಟ್ಟಲಿಲ್ಲ. ಎದ್ದು ಬಾಗಿಲಿಗೆ ಬಂದಾಗ ಹಿಂದಿನಿಂದ ಅದೇ ನುಣುಪಿನಲ್ಲಿ ಕೇಳಿದರು: "ಅಂದಹಾಗೆ, ಪೆಟ್ಟಿಗೆಗಳ ವರದಿ ಯಾವಾಗ ಕೈಗೆ ಸಿಗುತ್ತೆ, ಮೇಡಂ?"

ಅವಳು ತಿರುಗಿ ನೋಡಿದಳು. ಆ ಮುಖದಲ್ಲಿ ಓದಲು ಏನೂ ಇರಲಿಲ್ಲ. ಟೇಪ್ ಹಿಡಿದವರು ಯಾರ ಕಡೆಯವರು, ಫೋನಿನ ಆಚೆ ಇದ್ದ 'ಸರ್' ಯಾರು ಎಂಬುದು ಅವಳಿಗೆ ಆಗಲೂ ತಿಳಿಯಲಿಲ್ಲ, ಆಮೇಲೂ ತಿಳಿಯಲಿಲ್ಲ.

ಅಲ್ಲಿಂದ ನೇರವಾಗಿ ಡೈರಿಯವರ ಮನೆಗೆ ಹೋದಳು. ಅವರು ಬನಿಯನ್ನಿನಲ್ಲಿ ಕೂತು ಹಳೆಯ ಫ್ಯಾನು ಬಿಚ್ಚಿಕೊಂಡಿದ್ದರು. ಅವಳನ್ನು ಕಂಡು ಗಡಬಡಿಸಿ ಅಂಗಿ ಹುಡುಕಿದರು.

"ಅಂಗಿ ಇರಲಿ. ನಾನು ತಪ್ಪು ಮಾತಾಡಿದೆ."

ಅವರು ಸ್ಕ್ರೂ ಡ್ರೈವರ್ ತಿರುಗಿಸುತ್ತಲೇ ಇದ್ದರು.

"ನನ್ನ ಒಡಹುಟ್ಟಿದವಳೇ ನನ್ನ ನಂಬಿಲ್ಲ. ನಾನು ನಿಮ್ಮನ್ನ ನಂಬಲಿಲ್ಲ. ಬೀಗದ ಕೈ ತಂದಿದೀನಿ. ಬೇಡ ಅಂದ್ರೆ ಇಲ್ಲೇ ಇಟ್ಟು ಹೋಗ್ತೀನಿ."

"ಹುಡುಗನ ಕಡೆಯವರು ಒಪ್ಪಿದಾರೆ," ಎಂದರು ಡೈರಿಯವರು, ಸ್ಕ್ರೂ ಡ್ರೈವರ್ ಕೆಳಗಿಟ್ಟು. "ಮ್ಯಾನೇಜರ್ ನನ್ನ ಬೀಗರಾಗ್ತಾರೆ. ಆಮೇಲೂ ನನ್ನ ಮೇಲೆ ಕಣ್ಣಿಡಲ್ಲ ಅಂತ ಹೇಳೋಕಾಗುತ್ತಾ ನಿಮಗೆ?"

"ಆಗಲ್ಲ," ಎಂದಳು ಸಿಸ್ಟರಮ್ಮ. "ಆದ್ರೆ ಸಂಶಯ ಬಂದ್ರೆ ಮೊದಲು ನಿಮ್ಮನ್ನೇ ಕೇಳ್ತೀನಿ."

ಅವರಿಗೆ ಸುಳ್ಳಿಗಿಂತ ಇದೇ ವಾಸಿ ಎನಿಸಿತೋ ಏನೋ, ಬೀಗದ ಕೈ ತೆಗೆದುಕೊಂಡರು.

ಆ ಭಾನುವಾರ ತಗಡಿನ ಸಾಲಿನ ನಡುವಿನ ನಲ್ಲಿಯ ಹತ್ತಿರ ಜನ ಸೇರಿದರು. ಸಿಸ್ಟರಮ್ಮ ಸ್ಟೂಲಿನ ಮೇಲೆ ನಿಂತು ಮೂರನೆಯ ಉಪಕಲಮನ್ನು ಗಟ್ಟಿಯಾಗಿ ಓದಿದಳು. ಪಕ್ಕದಲ್ಲಿರುವ ಗುರುತು ತನ್ನದೇ ಎಂದು ಹೇಳಿದಳು. ಯಾರೋ ಹಿಂದಿನಿಂದ "ಅಕ್ಕ ಹೇಳಿದ್ದೇ ಸರಿ" ಎಂದರು. ಅವಳು ಎಲ್ಲರೆದುರು ಆ ಸಾಲನ್ನು ಹೊಡೆದುಹಾಕಿ ಅದರ ಮೇಲೆ ಬರೆದಳು: ಈ ಅಳತೆಗಳ ಆಧಾರದ ಮೇಲೆ ಯಾರನ್ನೂ ಮನೆಯಿಂದ ಎಬ್ಬಿಸತಕ್ಕದ್ದಲ್ಲ.

"ಇಷ್ಟೇ. ಇನ್ನು ಪೆಟ್ಟಿಗೆ ಗೋಡೆಗೆ ಹಾಕಿ."

ಯಾರೂ ಅಲುಗಾಡಲಿಲ್ಲ. ಕುಲುಮೆಯಲ್ಲಿ ಕೆಲಸ ಮಾಡುವ ಒಬ್ಬ, ಅವಳೇ ಎರಡು ಸಲ ಗ್ಲೂಕೋಸ್ ಏರಿಸಿ ಬದುಕಿಸಿದವನು, ಮೆಲ್ಲಗೆ ಕೇಳಿದ: "ಸಿಸ್ಟರಮ್ಮಾ, ನೀವು ಗೀಚಿದ್ದು ಇಲ್ಲಿ. ಅಲ್ಲಿ ಅಚ್ಚಾಗೋದು ಯಾವುದು?"

"ನನ್ನ ಮೇಲೆ ಅಷ್ಟೂ ನಂಬಿಕೆ ಇಲ್ವಾ?"

"ನಿಮ್ಮ ಮೇಲಿದೆ," ಎಂದ ಅವನು, ಕಣ್ಣು ತಪ್ಪಿಸಿ. "ನಿಮ್ಮ ಪೆನ್ಸಿಲ್ ಮೇಲಿಲ್ಲ."

ಜನ ನಕ್ಕರು. ಅವಳಿಗೂ ನಗು ಬಂತು, ಕಣ್ಣಲ್ಲಿ ನೀರೂ ಬಂತು. ಅಕ್ಕ ಮಾತ್ರ ನಗದೆ, ಎಲ್ಲರ ಪರವಾಗಿ ತೀರ್ಮಾನ ಹೇಳಿದಳು. ಹೊಸ ಸಾಲು ಅಚ್ಚಾಗಿ ಬರಲಿ, ಸರ್ಕಾರದ ಮುದ್ರೆ ಇರಲಿ, ಆಮೇಲೆ ಪೆಟ್ಟಿಗೆ ಗೋಡೆ ಹತ್ತುತ್ತೆ. ಅಲ್ಲಿವರೆಗೆ ಇಲ್ಲ.

ಹಾಗಾಗಿ ಸಮಿತಿಯ ಮುಂದೆ ಸಿಸ್ಟರಮ್ಮ ಎಂಟೇ ದಿನದ ಲೆಕ್ಕ ಹಿಡಿದು ನಿಂತಳು. ಕಾರ್ಖಾನೆಯವರ ಪರವಿದ್ದ ಸದಸ್ಯರು ಹಾಳೆಯನ್ನು ಎರಡು ಬೆರಳಲ್ಲಿ ಎತ್ತಿ, "ಎಂಟು ದಿನವಾ?" ಎಂದು ಸುತ್ತ ನೋಡಿದರು. ಅವಳು ಏನನ್ನೂ ಮುಚ್ಚಿಡಲಿಲ್ಲ. ಒಂಬತ್ತನೆಯ ದಿನದಿಂದ ಜನ ಪೆಟ್ಟಿಗೆಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟರು, ಅದಕ್ಕೆ ಕಾರಣ ಈ ಮಸೂದೆಯ ಹದಿನೇಳನೆಯ ಪುಟದಲ್ಲಿದೆ, ಆ ಪುಟಕ್ಕೆ ಒಪ್ಪಿಗೆ ಕೊಟ್ಟವಳು ನಾನು ಎಂದಳು. ಮಾರನೆಯ ದಿನ ಪತ್ರಿಕೆಗಳು ಅವಳನ್ನು ಚೆನ್ನಾಗಿಯೇ ಹಂಗಿಸಿದವು. ಆದರೆ ಪುಟದ ವಿಷಯ ಬಯಲಾದ ಮೇಲೆ ಹಳೆಯ ಸಾಲು ಹಾಗೇ ಇರಲಿ ಎನ್ನುವ ಧೈರ್ಯ ಸಮಿತಿಯಲ್ಲಿ ಯಾರಿಗೂ ಇರಲಿಲ್ಲ. ಇಪ್ಪತ್ತು ದಿನದಲ್ಲಿ ಹೊಸ ಕರಡು ಅಚ್ಚಾಗಿ ಬಂತು. ಡೈರಿಯವರು ನಲವತ್ತು ಪ್ರತಿ ಹಂಚಿದರು. ಅಕ್ಕ ತನ್ನ ಪ್ರತಿಯನ್ನು ಮೊದಲಿನಿಂದ ಕೊನೆಯವರೆಗೆ ಬೆರಳಿಟ್ಟು ಓದಲು ಮೂರು ದಿನ ತೆಗೆದುಕೊಂಡಳು. ಉಳಿದವರೆಲ್ಲ ಅವಳು ಮುಗಿಸುವುದನ್ನೇ ಕಾದರು. ಬೇಸಿಗೆಯಲ್ಲಿ ಇನ್ನೂ ಐದು ವಾರ ಉಳಿದಿತ್ತು. ಮತ್ತೆ ಗೋಡೆ ಹತ್ತಿದ ಪೆಟ್ಟಿಗೆಗಳು ನಲವತ್ತನಾಲ್ಕರವರೆಗೂ ಬರೆದವು.

ಮಸೂದೆ ಸದನಕ್ಕೆ ಬಂದದ್ದು ಚಳಿಗಾಲದಲ್ಲಿ. ಮಧ್ಯಾಹ್ನದ ಬಿಡುವು ದೊಡ್ಡ ಕಾರ್ಖಾನೆಗಳಿಗೆ ಕಡ್ಡಾಯವಾಯಿತು. ಚಿಕ್ಕವಕ್ಕೆ 'ಸಾಧ್ಯವಾದ ಮಟ್ಟಿಗೆ' ಎಂದು ಸೇರಿಸಿ ಸಡಿಲ ಮಾಡಿದರು. ಸಿಸ್ಟರಮ್ಮ ಅದಕ್ಕಾಗಿ ಗಂಟಲು ಹರಿಯುವಂತೆ ವಾದಿಸಿ ಸೋತಳು. ಹೊದಿಕೆಯ ಕಲಂ ಮಾತ್ರ ಒಂದಕ್ಷರವೂ ಕದಲದೆ ಪಾಸಾಯಿತು.

ಅಂದು ಅಕ್ಕ ಮೊದಲ ಬಾರಿಗೆ ಸಂದರ್ಶಕರ ಗ್ಯಾಲರಿಯಲ್ಲಿ ಕೂತಿದ್ದಳು, ಇಸ್ತ್ರಿ ಮಾಡಿದ ಬಟ್ಟೆ ತೊಟ್ಟು, ಚೀಲವನ್ನು ತೊಡೆಯ ಮೇಲೆ ಬಿಗಿಯಾಗಿ ಹಿಡಿದು. ಹೊರಗೆ ಮೆಟ್ಟಿಲ ಹತ್ತಿರ ಅಕ್ಕತಂಗಿಯರು ಸಿಕ್ಕರು. ಸಿಸ್ಟರಮ್ಮ ಹೊಗಳಿಕೆಯನ್ನೇನೂ ನಿರೀಕ್ಷಿಸಿರಲಿಲ್ಲ, ಆದರೂ ನಿಂತಳು.

"ಮಾತು ಪರವಾಗಿಲ್ಲ," ಎಂದಳು ಅಕ್ಕ. "ಸ್ವಲ್ಪ ನಿಧಾನಕ್ಕೆ ಆಡು. ಅದಿರಲಿ, ನಿನ್ನ ಬಲಗಡೆ ಕೂತಿದ್ದನಲ್ಲ, ನೀನು ಬಾಯಿ ತೆರೆಯೋ ಮೊದಲೇ ಮೇಜು ಕುಟ್ಟುತ್ತಿದ್ದ, ಅವನು ಯಾರು?"

"ನಮ್ಮ ಪಕ್ಷದವರೇ ಅಕ್ಕಾ. ನಂಗೆ ತುಂಬಾ ಬೆಂಬಲ ಕೊಟ್ರು."

"ಹೂಂ," ಎಂದಳು ಅಕ್ಕ, ಮೆಟ್ಟಿಲಿಳಿಯುತ್ತ. "ಬದಲಿಗೆ ಅವನೇನು ಕೇಳ್ತಾನೆ ನೋಡ್ಕೋ."

ಸಿಸ್ಟರಮ್ಮ ನಕ್ಕಳು. ಆಮೇಲೆ ಡೈರಿಯವರನ್ನು ಕರೆದು, ಆ ಸದಸ್ಯರ ಊರು ಯಾವುದು, ಅವರ ಕಡೆಯವರ ವ್ಯವಹಾರ ಏನು ಎಂದು ಮೆಲ್ಲಗೆ ಕೇಳಿದಳು.